ಸೂಲಂಗಿ ಕಿತ್ತ ಸೊಸೆ

ಧಾರವಾಡದ ಕಡೆಯ ಎರೆಭೂಮಿಯಿಂದ ಸಾಂಬ್ರಾಣಿ ಎಂಬ ಊರಿಗೆ ಸೊಸೆಯಾಗಿ ಬಂದವಳು ನಾನು. ಬಿಳಿಜೋಳ ಬಿಟ್ಟು ಬೇರೆ ಜೋಳ ಬೆಳೆದು ಗೊತ್ತಿರಲಿಲ್ಲ. ನಮ್ಮಲ್ಲಿ ತೆನೆ ಇರುವುದು ದಂಟಿನ ನೆತ್ತಿಯ ಮೇಲೆ. ಇಲ್ಲಿಯ ಗೋವಿನಜೋಳ, ಅಂದರೆ ಮೆಕ್ಕೆಜೋಳವೋ, ತೆನೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆತ್ತಿಯಲ್ಲಿ ಬರೀ ಸೂಲಂಗಿ ಬಿಡುತ್ತಿತ್ತು. ಕಾಳಿಲ್ಲದ ಆ ಗರಿಗೆ ಅದೆಷ್ಟು ಜಂಭ ಎಂದು ನನಗೆ ನಗು.

ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ದಾಂಡೇಲಿಯ ಕಾರ್ಖಾನೆಯಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಹೊಲ ಅತ್ತೆಯದು. ಆ ಮಳೆಗಾಲ ಅವರಿಗೆ ಮೊಣಕಾಲು ನೋವು. "ಈ ಸಲ ಹೊಲಾ ನೀ ನೋಡವಾ. ವರ್ಷದ ರೊಟ್ಟಿ ಅದರಾಗ ಐತಿ," ಎಂದರು.

ಸೂಲಂಗಿ ಮೂಡುವ ಹೊತ್ತಿಗೆ, ಬೇಸಾಯದ ಸಲಹೆ ಕೊಡುವ ಗ್ರಾಮಸೇವಕರು ಬಂದು, "ಒಂದ ಸಾಲ ಬಿಟ್ಟ ಒಂದ ಸಾಲಿನ ಸೂಲಂಗಿ ಕೀಳ್ರಿ, ಗಿಡದ ಕಸುವು ತೆನಿಗೆ ಹೋಗತೈತಿ," ಎಂದು ಹೇಳಿಹೋದರು. ಕಿತ್ತು ಎಮ್ಮೆಗೆ ಹಾಕಿದೆ. ಒದೆಯುವ ಎಮ್ಮೆ ಅದನ್ನು ಮೆಲ್ಲುತ್ತ ಸುಮ್ಮನೆ ನಿಂತು ಹಾಲು ಕೊಟ್ಟಿತು! "ಶಾಣ್ಯಾಕಿ ಬಿಡು ನೀ," ಎಂದರು ಅತ್ತೆ. ಆ ಬಾಯಿಂದ ಹೊಗಳಿಕೆ! ಹಿಗ್ಗಿ ಹೀರೇಕಾಯಿಯಾದೆ. ಅರ್ಧ ಕಿತ್ತರೇ ಇಷ್ಟಾದರೆ ಪೂರ್ತಿ ಕಿತ್ತರೆ? ಮರುದಿನ ಉಳಿದ ಸಾಲುಗಳನ್ನೂ ಬೋಳಿಸಿದೆ. ಅತ್ತೆಗೆ ಹೇಳಲಿಲ್ಲ.

ಬಲಿಯುವ ಹೊತ್ತಿಗೆ ಒಂದು ತೆನೆ ಸುಲಿದೆ. ಹತ್ತೇ ಕಾಳು. ಇನ್ನೊಂದರಲ್ಲಿ ಬರೀ ಬೆಂಡು. ಪಕ್ಕದವರ ಹೊಲಕ್ಕೆ ತಾಗಿದ ಸಾಲುಗಳಲ್ಲಷ್ಟೇ ಕಾಳು ಕಟ್ಟಿತ್ತು. ಅತ್ತೆಯ ಜೊತೆ ನೋಡಲು ಬಂದ ಗ್ರಾಮಸೇವಕರು ತಲೆಯ ಮೇಲೆ ಕೈಹೊತ್ತರು. ಸೂಲಂಗಿಯ ಹುಡಿ ತೆನೆಯ ಕೂದಲ ಮೇಲೆ ಬಿದ್ದರೆ ಮಾತ್ರ ಕಾಳು, ಅದಕ್ಕೇ ಅರ್ಧ ಬಿಡಲು ಹೇಳಿದ್ದು ಎಂದರು. "ಎಲ್ಲಾ ಕೀಳ್ರಿ ಅಂತ ಯಾರ ಹೇಳಿದ್ರು?"

ನಾನು ಕೈಯಲ್ಲಿದ್ದ ಬೆಂಡನ್ನು ಸೆರಗಿನ ಮರೆಗೆ ಸರಿಸಿದೆ.

"ನಾನ ಹೇಳಿದ್ದೆರಿ," ಎಂದರು ಅತ್ತೆ. "ಮುದುಕಿ, ಕಿವಿ ಮಂದ."

ಹಿತ್ತಿಲಲ್ಲಿ ಹಲ್ಲಿ ಲೊಚಗುಟ್ಟಿದರೆ ಪಡಸಾಲೆಯಲ್ಲಿ ಎಚ್ಚರಾಗುವ ಕಿವಿ ಅವರದು!

ಗ್ರಾಮಸೇವಕರು ಅತ್ತ ಹೋದರು, ಇತ್ತ ನನಗೆ ಮಂಗಳಾರತಿ ಆಯಿತು. ಆ ವರ್ಷ ನನ್ನ ತವರಿನಿಂದ ಜೋಳ ತರಿಸಿ ಉಂಡೆವು. ರೊಟ್ಟಿ ಬಡಿಯುವಾಗೆಲ್ಲ ಅತ್ತೆ ಒಂದು ಮಾತು ಚುಚ್ಚದೆ ಬಿಡಲಿಲ್ಲ.

ಮುಂದಿನ ಬಿತ್ತನೆ ಬಂತು. ಅವರ ಕಾಲು ನೆಟ್ಟಗಾಗಿತ್ತು, ಇನ್ನು ನನ್ನನ್ನು ಹೊಲದ ಬದುವಿಗೂ ಬಿಟ್ಟುಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ಅತ್ತೆ ಬೀಜವೆಲ್ಲ ತಂದು ನನ್ನ ಉಡಿಗೆ ಸುರಿದರು.

"ಮತ್ತ ನನಗ ಯಾಕ ಅತ್ತಿ? ಕೆಡಿಸಿದರ?"

"ಹೆಂಗ ಕೆಡಸ್ತಿ? ಸೂಲಂಗಿ ಯಾಕ ಬೇಕಂತ ಈ ಊರಾಗ ನಿನ್ನಷ್ಟ ಯಾರಿಗೆ ಗೊತ್ತೈತಿ?"

ಬೀಜ ಚೆಲ್ಲದಂತೆ ಎರಡೂ ಕೈಯಲ್ಲಿ ಸೆರಗು ಹಿಡಿದು ನಿಂತು, ಕಣ್ಣು ಒರೆಸಿಕೊಳ್ಳಲೂ ಆಗದೆ ಅತ್ತುಬಿಟ್ಟೆ.