ಇಳುಕಲಲ್ಲಿ ನಿಲ್ಲುತ್ತಿದ್ದ ಜೀಪು

ನಂಬಬೇಡಿ, ನೋಡೋಣ! ಪುಣೆಯಲ್ಲಿ ಬರೀ ಮಾತಿನ ಬಲದಿಂದ ಗಾಡಿ ಓಡಿಸಿದವನು ಯಾರಾದರೂ ಇದ್ದರೆ ಅದು ನಾನೇ. ಖಡಕಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಏಳು ಸೀಟಿನ ಡೀಸೆಲ್ ಜೀಪು ಕೊಂಡೆ. ಹಿಂದೆ ಎದುರುಬದುರು ಬೆಂಚು. ಇಡೀ ಸಂಸಾರ ತುಂಬಿಕೊಂಡು ಸಿಂಹಗಡದ ಏರು ಹತ್ತಿಸುವಾಗ ಹೆಂಡತಿ ಕಣ್ಣು ಮುಚ್ಚಿ ದೇವರನ್ನು ಕರೆಯುತ್ತಿದ್ದಳು, ನಾನು ಒಂದು ಕೈಯಲ್ಲಿ ಮೀಸೆ ತಿರುವುತ್ತಿದ್ದೆ.

ಕೆಲವು ವರ್ಷಗಳಲ್ಲಿ ಇಂಜಿನ್ ಸೋತಿತು. ಬಿಸಿಯಾಗಿದ್ದಾಗ ಚಾವಿ ಮುಟ್ಟಿದರೆ ಸಾಕು, ಗುಡುಗುತ್ತಿತ್ತು. ಬೆಳಗಿನ ತಂಪಿನಲ್ಲಿ ಮಾತ್ರ ಚಾವಿ ಎಷ್ಟು ತಿರುವಿದರೂ ಏಳುತ್ತಿರಲಿಲ್ಲ. ಇಂಜಿನ್ ಪೂರ್ತಿ ಬಿಚ್ಚಬೇಕೆಂದು ಗ್ಯಾರೇಜಿನ ಮಿಸ್ತ್ರಿ ಹೇಳಿದ. ನಾನು ಬಿಚ್ಚಿಸಲಿಲ್ಲ. ದಿನಾ ಸಂಜೆ ಮನೆ ಮುಂದಿನ ಇಳುಕಲಲ್ಲಿ ನಿಲ್ಲಿಸುತ್ತಿದ್ದೆ. ಬೆಳಗ್ಗೆ ಬ್ರೇಕ್ ಬಿಟ್ಟರೆ ತಾನೇ ಉರುಳಿ, ಗೇರು ಹಾಕಿದೊಡನೆ ಇಂಜಿನ್ ಏಳುತ್ತಿತ್ತು. ಕೊನೆಗೆ ಬೇಸತ್ತು ಮಾರಲು ನಿಂತೆ.

ಕೊಳ್ಳಲು ಬಂದವರು ತಳೇಗಾಂವದಲ್ಲಿ ಕಾರ್ಖಾನೆ ಕಟ್ಟುತ್ತಿದ್ದ ಕೂಲಿಗಳ ಮುಖಂಡರಾದ ಒಬ್ಬ ಮುಕಾದಮರು. ಮರುದಿನ ಬೆಳಗ್ಗೆ ಮಿಸ್ತ್ರಿಯನ್ನು ಕರೆತಂದು ಪರೀಕ್ಷೆ ಮಾಡಿಸುವೆನೆಂದು ಮರಾಠಿಯಲ್ಲಿ ಶುರು ಮಾಡಿದರು. ಅವರ ಮರಾಠಿಯಲ್ಲಿ ಕಲಬುರಗಿಯ ವಾಸನೆ ಹೊಡೆಯಿತು. ನಾನೂ ಆ ಕಡೆಯವನೇ, ತಕ್ಷಣ ಕನ್ನಡಕ್ಕೆ ಹೊರಳಿದೆ.

"ಅಯ್ಯ, ನೀವು ನಮ್ಮವರೇ ಏನ್ರಿ ಸಾವ್ಕಾರ್ರ! ಹಂಗಾದ್ರ ಮಿಸ್ತ್ರಿ ಯಾಕ ಬೇಕು?" ಎಂದರು ಮುಕಾದಮರು.

ನನಗೂ ಅದೇ ಬೇಕಿತ್ತು. ಅವರು ಬರುವ ಮುಂಚೆ ಜೀಪನ್ನು ಒಂದು ಸುತ್ತು ಓಡಿಸಿ ತಂದು, ಅಕ್ಟೋಬರ್ ಬಿಸಿಲಿಗೆ ನಿಲ್ಲಿಸಿದ್ದೆ. ಅವರು ಬಾನೆಟ್ ಮುಟ್ಟಿದರು.

"ಬಿಸಿ ಅದಲ್ರೀ?"

"ಬಿಸಲಾಗ ನಿಂತದ್ರಿ. ನನ್ನ ಬೋಳ ತಲಿ ಮುಟ್ಟಿ ನೋಡ್ರಿ, ಅದೂ ಬಿಸಿ ಅದ. ಅದನ್ನೂ ಯಾರರ ಓಡ್ಸ್ಯಾರೇನು?"

ಹೊಟ್ಟೆ ಹಿಡಿದು ನಕ್ಕರು. ಕಿರುಬೆರಳಿನಿಂದ ಚಾವಿ ತಿರುವಿದೆ. ಗುಡುಗಿತು. ಆಮೇಲೆ ಅವರು ಹೇಳಿದರು: "ಮಗಳು ಚೊಚ್ಚಲ ಬಾಣಂತನಕ್ಕ ಬಂದಾಳ್ರಿ. ನಮ್ಮ ಶೆಡ್ ಇರೋದು ಬಯಲಾಗ. ಹೊತ್ತಲ್ಲದ ಹೊತ್ತಿನ್ಯಾಗ ಬ್ಯಾನಿ ಬಂದ್ರ ರಿಕ್ಷಾ ಸಿಗಂಗಿಲ್ಲ. ಅದಕ್ಕ ಗಾಡಿ ತಗೊಳ್ಳಾಕತ್ತೀನಿ."

ಒಳಗೆ ಹೋದಾಗ ಹೆಂಡತಿ ತಡೆದಳು. "ರೀ, ಇಳುಕಲಿನ ಮಾತು ಹೇಳ್ರಿ. ಬಸುರಿ ಹೆಣ್ಮಗಳ ಸಂಬಂಧ ಒಯ್ಯಾಕತ್ತಾರ."

"ಸುಮ್ನ ಚಾ ಮಾಡು," ಎಂದೆ. ಆ ಚಹಾ ಕೊಡಲು ಅವಳು ಹೊರಗೆ ಬರಲಿಲ್ಲ. ನಾನೇ ಒಯ್ದು ಕೊಟ್ಟೆ, ದುಡ್ಡು ಎಣಿಸಿಕೊಂಡು ಜೀಪಿನ ಚಾವಿಯನ್ನೂ ಕೊಟ್ಟೆ.

ಚಳಿಗಾಲದಲ್ಲಿ ಮುಕಾದಮರು ಬರ್ಫಿ ಡಬ್ಬಿ ಹಿಡಿದು ಅಂಗಡಿಗೆ ಬಂದರು. ಅಲ್ಲಿಯವರೆಗೆ ಜೀಪನ್ನು ಮಧ್ಯಾಹ್ನದ ಬಿಸಿಲಲ್ಲಷ್ಟೇ ಹೊರಗೆ ತೆಗೆದಿದ್ದರು, ನಸುಕಿನಲ್ಲಿ ಮಗಳಿಗೆ ನೋವು ಬಂದಿತ್ತಂತೆ. ಜೀಪು ಏಳಲಿಲ್ಲ. ಶೆಡ್ಡಿನ ಗಂಡಸರೆಲ್ಲ ಸೇರಿ ಆ ಸಪಾಟು ಬಯಲಲ್ಲಿ ದೂಡಿದರು. ಏದುಸಿರು ಬಂತೇ ಹೊರತು ಇಂಜಿನ್ ಬರಲಿಲ್ಲ. ಹೆಂಗಸರು ಸೀರೆ ಅಡ್ಡ ಹಿಡಿದರು. ಹಿಂದಿನ ಬೆಂಚಿನ ಮೇಲೇ ಹೆರಿಗೆಯಾಯಿತು. ರಕ್ತ ನಿಲ್ಲಲಿಲ್ಲ. ಇಟ್ಟಿಗೆ ಇಳಿಸಲು ಬಂದಿದ್ದ ಟೆಂಪೋದಲ್ಲಿ ಹುಡುಗಿಯನ್ನು ಆಸ್ಪತ್ರೆಗೆ ಸಾಗಿಸಿದರು. ಹೇಗೋ ಉಳಿದಳು.

"ಚಳಿಗಿ ಗಾಡಿ ಪಾಪ ಏನ್ ಮಾಡ್ತದ ಬಿಡ್ರಿ," ಎಂದರು. "ನಿಮ್ಮ ಗಾಡ್ಯಾಗ ಮೊಮ್ಮಗಳು ಹುಟ್ಯಾಳ. ಲಕ್ಷ್ಮಿ ಗಾಡಿರೀ ಅದು. ನಮ್ಮ ಅಳಿಯಗೂ ಇಂಥಾದೇ ಒಂದು ನೋಡ್ರಿ."

ನಾನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಅವರ ಕೈ ಹಿಡಿದೆ. "ಚಳೀದಲ್ರಿ, ತಪ್ಪು ನಂದು. ಇಂಜಿನ್ ಸೋತಿದ್ದು ಗೊತ್ತಿದ್ದೂ ಮುಚ್ಚಿಟ್ಟೆ," ಎಂದೆ. ಅವರು ಡಬ್ಬಿಯ ಮುಚ್ಚಳ ತೆಗೆದರು. "ಹೇಳಿದ್ರಲ್ಲ, ಸಾಕ್ರಿ," ಎಂದು ನನ್ನ ಬಾಯಿಗೆ ಬರ್ಫಿ ಇಟ್ಟರು.

ಉಳಿದದ್ದನ್ನು ನಂಬದವರೂ ಇದನ್ನು ನಂಬಿರುತ್ತೀರಿ. ಇಡೀ ಕಥೆಯಲ್ಲಿ ನಾನು ಕಟ್ಟಿ ಹೇಳಿದ್ದು ಇದೊಂದನ್ನೇ. ನಾನು ಏಳಲೂ ಇಲ್ಲ, ಕೈ ಹಿಡಿಯಲೂ ಇಲ್ಲ. "ಚಳಿಗಿ ಎಲ್ಲಾರ ಗಾಡೀನೂ ಹಂಗ ಮಾಡ್ತಾವ್ರಿ," ಎಂದು ಡಬ್ಬಿಗೆ ಕೈ ಹಾಕಿ, ನಾನೇ ಬರ್ಫಿ ತೆಗೆದುಕೊಂಡು ತಿಂದೆ.