ಅತ್ತಿಗೆಯ ಹಾರ್ಟ್ ಅಟ್ಯಾಕ್

ಆಫೀಸಿನ ಖರ್ಚಿನಲ್ಲಿ ಒಂದು ವಾರ ಜಪಾನಿಗೆ ಹೋಗಿಬಂದವರೆಲ್ಲ ಪಂಡಿತರಾಗಿಬಿಡುತ್ತಾರೆ. ಅಂಥ ಒಬ್ಬ ಅಂಕಲ್ ಟೆಕ್ಸಸ್‌ನ ಮೆಕಿನ್ನಿ ಊರಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಬಿಸಿಬೇಳೆಭಾತಿಗೆ ಬೂಂದಿ ಸುರಿದುಕೊಳ್ಳುತ್ತಾ ಶುರು ಮಾಡಿದರು. "ಜಪಾನಿಗಳದ್ದು ಬೇರೇನೇ ಲೆವೆಲ್ ಕಣಮ್ಮ. ಮರ್ಯಾದೆ ಹೋಯ್ತಾ, ಪ್ರಾಣಾನೇ ಬಿಟ್ಟುಬಿಡ್ತಾರೆ. ಅದು ಸಂಸ್ಕೃತಿ ಅಂದ್ರೆ!" ಅಷ್ಟಕ್ಕೇ ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಜಪಾನಿ ಗೆಳತಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು, ಅದೂ ಹೊಗಳುತ್ತಿದ್ದೇನೆ ಎಂಬ ನಗುಮುಖದಲ್ಲಿ. ಥೂ!

ಅವಳು ಪಕ್ಕದೂರು ಪ್ಲೇನೋದ ಆಫೀಸಿನಲ್ಲಿ ನನ್ನ ಟೀಮಿನವಳು. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಅವತ್ತೂ ದನಿ ಏರಿಸಲಿಲ್ಲ. ಚಮಚ ಕೆಳಗಿಟ್ಟು, ತನ್ನ ತಂದೆಯೂ ಹಾಗೆ ತಾವಾಗಿಯೇ ಪ್ರಾಣ ಬಿಟ್ಟವರು ಎಂದಳು. ಮರ್ಯಾದೆಗಾಗಿ ಅಲ್ಲ. ಮನಸ್ಸಿನ ಕಾಯಿಲೆ, ಯಾರೂ ಔಷಧಿ ಕೊಡಿಸಿರಲಿಲ್ಲ. ಅಂತ್ಯಸಂಸ್ಕಾರಕ್ಕೆ ಬಂದವರಿಗೆಲ್ಲ ದೊಡ್ಡಪ್ಪ 'ಹೃದಯ ನಿಂತುಹೋಯಿತು' ಎಂದರಂತೆ. ನಿಜ ಗೊತ್ತಾದರೆ ಅಕ್ಕನ ಮದುವೆ ಮುರಿಯುತ್ತದೆ ಎಂಬ ಭಯ. ಅವಳ ಅಮ್ಮ ಈಗಲೂ ದಿನಾ ಬೆಳಗ್ಗೆ ತಂದೆಯ ಫೋಟೋದ ಮುಂದೆ ಬಿಸಿ ಅನ್ನ ಇಟ್ಟು ಕೈ ಮುಗಿಯುತ್ತಾರೆ, ಈಗಲೂ ಹೃದಯ ಎಂದೇ ಹೇಳುತ್ತಾರೆ.

"ನನಗೂ ಹಾಗೇ ಹೇಳಿದ್ದರು," ಎಂದಳು. "ದೊಡ್ಡವಳಾಗುವವರೆಗೂ ಪ್ರತಿ ಡಾಕ್ಟರಿಗೂ ನಾನು ಅದನ್ನೇ ಹೇಳಿದೆ. ನನ್ನ ಹೃದಯವನ್ನು ಎಷ್ಟು ಸಲ ಪರೀಕ್ಷೆ ಮಾಡಿದರೋ!"

ಅಂಕಲ್ ತಟ್ಟೆ ನೋಡತೊಡಗಿದರು. ಅವರ ಮೇಲಿನ ಸಿಟ್ಟು ನನಗೆ ಅಲ್ಲೇ ಮರೆತುಹೋಗಿ, ಅದಕ್ಕಿಂತ ದೊಡ್ಡದೊಂದು ಹೊತ್ತಿಕೊಂಡಿತು. ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನಲ್ಲಿ ನನ್ನ ಅಣ್ಣನ ಮಗಳು, ಹೈಸ್ಕೂಲಿನ ಹುಡುಗಿ, ಆ ವಾರವೇ ಎದೆಗೆ ಹಾರ್ಟ್ ಮಾನಿಟರ್ ಅಂಟಿಸಿಕೊಂಡು ಓಡಾಡುತ್ತಿದ್ದಳು.

ಅವಳ ಅಮ್ಮ, ನನ್ನ ಅತ್ತಿಗೆ, ತಾವೇ ಪ್ರಾಣ ಕಳೆದುಕೊಂಡು ಕೆಲವು ವರ್ಷಗಳಾಗಿದ್ದವು. ಹೊರಗೆ ಹೇಳಿದ್ದು ಹಾರ್ಟ್ ಅಟ್ಯಾಕ್. ದುರ್ಮರಣ ಎಂದರೆ ಪುರೋಹಿತರು ಬೇರೆ ವಿಧಿ ಹೇಳುತ್ತಾರೆ, ಜನ ಯಾಕೆ ಏನು ಎಂದು ಕೆದಕುತ್ತಾರೆ. "ಹೆಣ್ಣುಮಗು ಇದೆ ಕಣೇ. ನಾಳೆ ಮದುವೆ ಗಿದುವೆ ಅಂತ ಬಂದಾಗ ಯಾರು ಒಪ್ತಾರೆ? ಬಾಯಿ ಮುಚ್ಚಿಕೊಂಡಿರು," ಎಂದು ಅಮ್ಮ ಮೈಸೂರಿನಿಂದ ಫೋನಿನಲ್ಲೇ ಅಪ್ಪಣೆ ಕೊಟ್ಟಿದ್ದರು. ದೊಡ್ಡವರಿಗೆಲ್ಲ ಗೊತ್ತು, ಆ ಮಗು ಒಬ್ಬಳನ್ನು ಬಿಟ್ಟು. ಈ ವರ್ಷ ಸ್ಕೂಲಿನ ಓಟದ ಟೀಮಿಗೆ ಸೇರುವ ಮುಂಚಿನ ತಪಾಸಣೆಯಲ್ಲಿ ಅವಳು, ತನ್ನ ಅಮ್ಮ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕಿನಲ್ಲಿ ಹೋದರು ಎಂದಳು. ಡಾಕ್ಟರು ಗಾಬರಿಯಾಗಿ ಓಟವನ್ನೇ ನಿಲ್ಲಿಸಿ, ಹೃದಯದ ಡಾಕ್ಟರ ಹತ್ತಿರ ಕಳಿಸಿದರು. ನನ್ನ ಅಣ್ಣ ಪಕ್ಕದಲ್ಲೇ ಇದ್ದ! ಬಾಯಲ್ಲಿ ಕಡುಬು ಇಟ್ಟುಕೊಂಡವನ ಹಾಗೆ ಸುಮ್ಮನೆ ಕೂತಿದ್ದ.

ಮಾನಿಟರ್ ಫಲಿತಾಂಶ ಹೇಳುವ ದಿನ ರಜೆ ಹಾಕಿ ಹ್ಯೂಸ್ಟನ್‌ಗೆ ಡ್ರೈವ್ ಮಾಡಿದೆ. ಕಾರಿನ ಗಾಜು ಏರಿಸಿಕೊಂಡು ದಾರಿಯುದ್ದಕ್ಕೂ ಬೈದೆ. ಅಣ್ಣನನ್ನು ಬೈದೆ, ಅಮ್ಮನನ್ನು ಬೈದೆ, ಕಂಡರಿಯದ ಆ ಜಪಾನಿ ದೊಡ್ಡಪ್ಪನನ್ನೂ ಬಿಡಲಿಲ್ಲ. ಮರ್ಯಾದೆಯಂತೆ ಮರ್ಯಾದೆ! ಸತ್ತವರಿಗಿದ್ದ ಕಾಯಿಲೆ ಮುಚ್ಚಿಟ್ಟು, ಬದುಕಿರುವ ಮಗುವಿಗೆ ಇಲ್ಲದ ಕಾಯಿಲೆ ಅಂಟಿಸಿದ್ದರು ನಮ್ಮವರು.

ಕ್ಲಿನಿಕ್ಕಿನ ಪಾರ್ಕಿಂಗ್‌ನಲ್ಲಿ ಅಣ್ಣನನ್ನು ಹಿಡಿದು ನಿಲ್ಲಿಸಿದೆ. ಹುಡುಗಿ ಮುಂದೆ ಹೋಗಿದ್ದಳು.

"ಒಳಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಿನಗೇನು ತಲೆ ಕೆಟ್ಟಿದೆಯಾ? ಅವಳಿಗೆ ತಡ್ಕೊಳ್ಳೋಕೆ ಆಗಲ್ಲ ಕಣೇ."

"ಇಲ್ಲದ ಹಾರ್ಟ್ ಪ್ರಾಬ್ಲಮ್ ತಡ್ಕೊಂಡಿಲ್ವಾ? ರಾತ್ರಿ ಮಲಗೋಕೆ ಹೆದರ್ತಾಳೆ ಅಂತ ನೀನೇ ಹೇಳಿದ್ಯಲ್ಲೋ!"

ಅವನ ಕಣ್ಣು ತುಂಬಿತು. ನನಗೆ ಪಾಪ ಅನ್ನಿಸಿತು, ಆದರೆ ಸಿಟ್ಟು ಇಳಿಯಲಿಲ್ಲ.

ಹೃದಯದಲ್ಲಿ ಏನೂ ದೋಷ ಕಾಣುತ್ತಿಲ್ಲ, ಆದರೂ ತಾಯಿಯ ವಿಷಯ ಇರುವುದರಿಂದ ಇನ್ನೊಂದು ಪರೀಕ್ಷೆ ಮಾಡೋಣ ಎಂದರು ಡಾಕ್ಟರಮ್ಮ. ನಾನು ಅಣ್ಣನನ್ನೇ ದಿಟ್ಟಿಸಿದೆ. ಅವನು ಮಗಳ ಕೈ ಹಿಡಿದುಕೊಂಡ.

"ಪುಟ್ಟಿ, ಅಮ್ಮಂಗೆ ಹಾರ್ಟ್ ತೊಂದ್ರೆ ಇರ್ಲಿಲ್ಲ. ಮನಸ್ಸಿಗೆ ತುಂಬಾ ಹುಷಾರಿರಲಿಲ್ಲ. ಅವಳೇ..." ಎಂದು ತಡವರಿಸಿ, ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ.

ಹುಡುಗಿ ಅಳಲಿಲ್ಲ, ಕೂಗಾಡಲೂ ಇಲ್ಲ. ಡಾಕ್ಟರಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ನಿನಗೂ ಯಾವಾಗಲಾದರೂ ಬದುಕುವುದು ಬೇಡ ಅನ್ನಿಸಿದೆಯಾ ಎಂದು ನೇರವಾಗಿ ಕೇಳಿದರು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಒಬ್ಬರೂ, ಒಬ್ಬರೇ ಒಬ್ಬರೂ ಅವಳನ್ನು ಹಾಗೆ ಕೇಳಿರಲಿಲ್ಲ.

ಅವಳು ಅಪ್ಪನ ಮುಖ ನೋಡಿದಳು.

"ಸಮ್‌ಟೈಮ್ಸ್," ಎಂದಳು. ಆಮೇಲೆ ಕನ್ನಡದಲ್ಲಿ, ಅಪ್ಪನಿಗೆ, "ನಂಗೊಬ್ಳಿಗೇ ಹೀಗನ್ಸೋದು ಅಂದ್ಕೊಂಡಿದ್ದೆ."