ರಕ್ತದ ಬಟ್ಟೆ ಎಣಿಸುವ ಖಾದರಬಿ

ಬೆಳಗಿನ ಆರು ಗಂಟೆ. ಶಹರದ ಆಸ್ಪತ್ರೆಯೊಂದರ ಹಿಂದಿನ ಕಲ್ಲಿನ ತೊಟ್ಟಿಯಲ್ಲಿ ಖಾದರಬಿ ನಿನ್ನೆಯ ಆಪರೇಷನ್ನಿನ ಬಟ್ಟೆಗಳನ್ನು ನೆನೆಹಾಕುತ್ತಿದ್ದಾರೆ. ಮೊದಲ ನೀರು ತಣ್ಣೀರೇ ಆಗಬೇಕು. ಬಿಸಿನೀರು ತಾಗಿದರೆ ರಕ್ತದ ಕಲೆ ಜನ್ಮದಲ್ಲಿ ಹೋಗದು. ಪಕ್ಕದಲ್ಲಿ ಯಮನೂರಿನ ಹನಮವ್ವ ಸೆರಗು ಹಿಂಡುತ್ತ ನಿಂತಿದ್ದಾಳೆ. ಅವಳ ಗಂಡನ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆ. ಗುರುವಾರ ಆಪರೇಷನ್.

"ಅಕ್ಕಾರ, ಇಬ್ಬರು ಡಾಕ್ಟರ್ ಅದಾರಂತ. ಯಾರ ಕೈಯಾಗ ಕೊಡ್ಲಿ ಹೇಳ್ರಿ."

ಖಾದರಬಿ ಇನ್ನೊಂದು ಬಟ್ಟೆಯನ್ನು ನೀರಿಗೆ ಅದ್ದುತ್ತಾರೆ. ಎರಡು ವರ್ಷದ ಹಿಂದಾಗಿದ್ದರೆ ಥಟ್ಟನೆ ಹೇಳಿಬಿಡುತ್ತಿದ್ದರು.

ಅಣ್ಣಿಗೇರಿಯಿಂದ ಮೊದಲ ಗಾಡಿ ಹಿಡಿದು ಬರುವ ಈ ಆಯಾಗೆ ಇಲ್ಲಿ ಹದಿನಾಲ್ಕು ವರ್ಷ ಕಳೆದಿವೆ. ಆಪರೇಷನ್ ಕೋಣೆಯಲ್ಲಿ ರಕ್ತ ಒರೆಸುವ ಬಟ್ಟೆಯನ್ನು ಎಣಿಸಿ ಕೊಡಬೇಕು, ಹೊಟ್ಟೆ ಹೊಲಿಯುವ ಮುಂಚೆ ಎಣಿಸಿ ವಾಪಸು ಪಡೆಯಬೇಕು, ಮರುದಿನ ತೊಳೆಯಬೇಕು. ಓದುಬರಹ ಬಾರದು, ಲೆಕ್ಕ ಒಮ್ಮೆಯೂ ತಪ್ಪಿಲ್ಲ. "ಒಂದ ಬಟ್ಟಿ ಕಮ್ಮಿ ಬಿದ್ರ ಎಂಥಾ ದೊಡ್ಡ ಡಾಕ್ಟರೂ ಸೂಜಿ ಹಿಡಕೊಂಡು ನಿಲ್ಲಬೇಕ್ರಿ, ನಾ ಹೂಂ ಅನ್ನೂತನಕ" ಎನ್ನುತ್ತಾರೆ.

ಯಕೃತ್ತಿನ ಗಡ್ಡೆ ತೆಗೆಯಲು ಇಲ್ಲಿ ಎರಡು ದಾರಿ. ಹಿರಿಯ ಡಾಕ್ಟರು ಬೆರಳಿನಿಂದಲೇ ಯಕೃತ್ತನ್ನು ಬಿಡಿಸುತ್ತ, ಸಿಕ್ಕ ರಕ್ತನಾಳವನ್ನು ಆಗಲೇ ಕಟ್ಟುತ್ತ ಹೋಗುತ್ತಾರೆ. ಎರಡು ತಾಸಿನ ಕೆಲಸ. ಕಿರಿಯರು ಆ ಭಾಗದ ರಕ್ತನಾಳಗಳನ್ನು ಮೊದಲು ಬುಡದಲ್ಲೇ ಕಟ್ಟಿ ಆಮೇಲೆ ಕೊಯ್ಯುತ್ತಾರೆ, ಐದು ತಾಸು. ಯಾವುದು ಮೇಲೆಂದು ಡಾಕ್ಟರುಗಳ ವಾದ ಇನ್ನೂ ಮುಗಿದಿಲ್ಲ. ಖಾದರಬಿಗೆ ವಾದವೇ ಬೇಕಿರಲಿಲ್ಲ. ಒಂದು ಆಪರೇಷನ್ನಿನಲ್ಲಿ ಹಿರಿಯರಿಗೆ ನಲವತ್ತು ಬಟ್ಟೆ, ಕಿರಿಯರಿಗೆ ಹದಿನೈದು; ಬಟ್ಟೆ ಕಡಿಮೆಯೆಂದರೆ ಹೋದ ರಕ್ತವೂ ಕಡಿಮೆ. ಕೇಳಿದವರಿಗೆಲ್ಲ ಕಿರಿಯರನ್ನೇ ತೋರಿಸುತ್ತಿದ್ದರು.

ಎರಡು ವರ್ಷದ ಹಿಂದೆ, 1984ರಲ್ಲಿ, ಗಂಡ ಮಶಾಕಸಾಬರಿಗೇ ಗಡ್ಡೆ ಬಂತು. ಕಿರಿಯರ ಕೈಗೇ ಒಪ್ಪಿಸಿದರು. ಅಂದು ಬೇರೆಯವರು ಎಣಿಸಲಿ ಎಂದರೆ ಖಾದರಬಿ ಕೇಳಲಿಲ್ಲ. ಆದದ್ದು ಹನ್ನೊಂದೇ ಬಟ್ಟೆ. ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. ಎಂಟನೆಯ ದಿನ ಮಶಾಕಸಾಬರ ಕಣ್ಣು ಅರಿಶಿನದಂತಾಯಿತು, ಹತ್ತನೆಯ ದಿನ ತೀರಿಕೊಂಡರು. ಯಕೃತ್ತು ಮೊದಲೇ ಗಟ್ಟಿಯಾಗಿ ಕೆಟ್ಟಿತ್ತು, ಕೊಯ್ದ ಮೇಲೆ ಉಳಿದ ಚೂರು ದೇಹಕ್ಕೆ ಸಾಲಲಿಲ್ಲ ಎಂದು ಡಾಕ್ಟರೇ ಬಂದು ಹೇಳಿದರು.

"ಹನ್ನೊಂದ ಬಟ್ಟಿ ಅಂತ ಖುಷಿಯಾಗಿ ಅವತ್ತ ಹೊರಗ ಕುಂತು ಚಹಾ ಕುಡದೆ ನೋಡ್ರಿ. ಅದು ಇನ್ನೂ ಗಂಟಲದಾಗ ಐತಿ" ಎನ್ನುತ್ತಾರೆ ಖಾದರಬಿ.

ಈಗ ಖಾದರಬಿ ಯಾರದೇ ಯಕೃತ್ತಿನ ಆಪರೇಷನ್ ಆಗಲಿ, ಹತ್ತನೆಯ ದಿನ ತಪ್ಪದೆ ವಾರ್ಡಿಗೆ ಹೋಗುತ್ತಾರೆ. ಈ ಎರಡು ವರ್ಷದಲ್ಲಿ ಹಿರಿಯರ ಒಂಬತ್ತು ರೋಗಿಗಳಲ್ಲಿ ಐವರು ನಡೆದು ಮನೆಗೆ ಹೋದರು, ಕಿರಿಯರ ಏಳರಲ್ಲಿ ನಾಲ್ವರು. ಈ ಲೆಕ್ಕವನ್ನು ಈವರೆಗೆ ಯಾರೂ ಕೇಳಿಲ್ಲ. ಆಯಾ ಹೇಳಿದ್ದನ್ನು ಬರೆದುಕೊಳ್ಳಲು ಯಾರಿಗೆ ಪುರುಸೊತ್ತಿದೆ?

ತೊಟ್ಟಿಯ ನೀರು ಕೆಂಪಾಗಿದೆ. ಅದನ್ನು ಹರಿಯಬಿಟ್ಟು, ಕೈ ಒರೆಸಿಕೊಂಡು ಖಾದರಬಿ ಹನಮವ್ವನ ಕಡೆ ತಿರುಗುತ್ತಾರೆ.

"ಯಾವ ಡಾಕ್ಟರ್ ಅಂತ ನಾ ಹೇಳೂದಿಲ್ಲ ತಂಗೆವ್ವಾ. ಇಬ್ಬರನ್ನೂ ಒಂದ ಮಾತ ಕೇಳು. ಗಡ್ಡಿ ತಗದಮ್ಯಾಲೆ ಲಿವರ್ ಎಷ್ಟು ಉಳಿತೈತಿ, ಉಳದದ್ದು ಚಲೋ ಐತೇನು ಅಂತ ಕೇಳು. ನಾ ಕೇಳಿದ್ದಿಲ್ಲ."

ತೊಟ್ಟಿಗೆ ಹೊಸ ನೀರು ಬಿಡುತ್ತ ಮತ್ತೆ ಹೇಳುತ್ತಾರೆ: "ಬಟ್ಟಿ ಕಾಳಜಿ ಮಾಡಬ್ಯಾಡ. ನಿನ್ನ ಗಂಡನ ಹೊಟ್ಟ್ಯಾಗ ಒಂದೂ ಉಳಿಯಾಕ ನಾ ಬಿಡೂದಿಲ್ಲ."